ಬಾಗಿಲು ಮುಚ್ಚುವ ಅಂಗಡಿಯಲ್ಲಿ ಅಗ್ಗ ಎಲ್ಲಿರುತ್ತದೆ?

2018ರ ಆಗಸ್ಟ್ 22ರಂದು ಅಮೆರಿಕದ ಲೋವ್ಸ್ ಕಂಪನಿ ತನ್ನ ಒಡೆತನದಲ್ಲಿದ್ದ ಆರ್ಚರ್ಡ್ ಸಪ್ಲೈ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಮುಚ್ಚುವುದಾಗಿ ಪ್ರಕಟಿಸಿತು. ಕ್ಯಾಲಿಫೋರ್ನಿಯ, ಆರೆಗಾನ್, ಫ್ಲಾರಿಡ ಈ ಮೂರು ರಾಜ್ಯಗಳಲ್ಲಿ ಒಟ್ಟು 99 ಅಂಗಡಿಗಳು. 1931ರಲ್ಲಿ ಸ್ಯಾನ್ ಹೋಸೆ ಸುತ್ತಲಿನ ಹಣ್ಣಿನ ತೋಟದ ರೈತರು ತಮಗೆ ಬೇಕಾದ ಸಾಮಾನನ್ನು ಒಟ್ಟಾಗಿ ಕೊಳ್ಳಲು ಕಟ್ಟಿಕೊಂಡ ಸಹಕಾರ ಸಂಘವೇ ಬೆಳೆದು ಇಷ್ಟು ದೊಡ್ಡದಾಗಿತ್ತು. ಮುಂದೆ ಅಲ್ಲಿನ ತೋಟಗಳು ಹೋಗಿ ಸಿಲಿಕಾನ್ ಕಣಿವೆ ಬಂತು. ಅಲ್ಲಿ ಮನೆ ಮಾಡಿಕೊಂಡ ಕನ್ನಡಿಗರೂ ನಲ್ಲಿಯ ವಾಷರಿಗೋ ಗೋಡೆಯ ಬಣ್ಣಕ್ಕೋ ಈ ಅಂಗಡಿಯ ಮೆಟ್ಟಿಲು ಹತ್ತಿದವರೇ. ಇಂಥದೊಂದು ಅಂಗಡಿ ಮುಚ್ಚುತ್ತದೆ ಎಂದು ತಿಳಿದ ಕೂಡಲೇ ಜನ ಮುಗಿಬೀಳುತ್ತಾರೆ. ಮನೆ ರಿಪೇರಿ ಮಾಡಿಸುವವರು, ಹೊಸ ಅಡುಗೆಮನೆ ಕಟ್ಟಿಸುವವರು, ಏನೂ ಮಾಡಿಸದವರು ಎಲ್ಲರೂ ಬ್ಯಾನರಿನ ಮೇಲಿನ ಶೇಕಡಾ ಅಂಕಿ ನೋಡಿ ಒಳಗೆ ಹೋಗುತ್ತಾರೆ. ಕೊಳ್ಳುವವರಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದು ಆ ಅಂಕಿಯೇ ಎಂಬುದು ಇವತ್ತಿನ ನನ್ನ ವಾದ. ಮುಚ್ಚುವ ಅಂಗಡಿಯಲ್ಲಿ ಅಗ್ಗದ ಮಾಲು ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಕೆಲವೊಮ್ಮೆ ನಂಬಲಾಗದಷ್ಟು ಅಗ್ಗವೂ ಇದೆ. ಆದರೆ ಅದು ಬ್ಯಾನರು ತೋರಿಸುವ ಕಡೆ ಇರುವುದಿಲ್ಲ. ಇಟ್ಟುಕೊಳ್ಳುವುದೂ ಸಾಗಿಸುವುದೂ ಮಾರುವವನಿಗೇ ಹೊರೆಯಾದ ಮಾಲಿನಲ್ಲಿ ಇರುತ್ತದೆ.

ಮೊದಲು ಮಾರುವವನು ಯಾರು ಎಂಬುದನ್ನು ನೋಡೋಣ. ಅಂಗಡಿಯ ಹಲಗೆ ಹಳೆಯದೇ, ಸಮವಸ್ತ್ರ ತೊಟ್ಟ ನೌಕರರೂ ಹಳಬರೇ. ಹಾಗಾಗಿ ಹಳೆಯ ಯಜಮಾನನೇ ಕಷ್ಟಕ್ಕೆ ಸಿಕ್ಕಿ, ಬಂದಷ್ಟು ಬರಲಿ ಎಂದು ಮಾರುತ್ತಿದ್ದಾನೆ ಅನ್ನಿಸುತ್ತದೆ. ಬಹುಪಾಲು ಹಾಗಿರುವುದಿಲ್ಲ. ದೊಡ್ಡ ಸರಪಳಿಗಳು ಮುಚ್ಚುವಾಗ ಸರಕು ಮಾರಿಕೊಡುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳು ಬರುತ್ತವೆ. ಆರ್ಚರ್ಡ್ ಅಂಗಡಿಗಳ ಮಾರಾಟವನ್ನು ವಹಿಸಿಕೊಂಡದ್ದು ಹಿಲ್ಕೊ. ಆಸ್ಟ್ರೇಲಿಯಾದಲ್ಲಿ ವೂಲ್ವರ್ತ್ಸ್ ಕಂಪನಿ ಇದೇ ಲೋವ್ಸ್ ಜೊತೆ ಪಾಲುದಾರಿಕೆಯಲ್ಲಿ 2011ರಲ್ಲಿ ತೆರೆದ ಮಾಸ್ಟರ್ಸ್ ಅಂಗಡಿಗಳು ಭಾರಿ ನಷ್ಟ ಕಂಡು 2016ರ ಡಿಸೆಂಬರಿನಲ್ಲಿ ಮುಚ್ಚಿದಾಗ ಗ್ರೇಟ್ ಅಮೆರಿಕನ್ ಗ್ರೂಪಿನ ಆಸ್ಟ್ರೇಲಿಯಾ ಶಾಖೆ ಆ ಕೆಲಸ ಮಾಡಿತು. ಇವರ ಒಪ್ಪಂದಗಳಲ್ಲಿ ಒಂದು ಸಾಮಾನ್ಯ ಬಗೆ ಹೀಗಿದೆ: ಗೋದಾಮಿನ ಸರಕಿನ ಅಸಲು ಬೆಲೆಯಲ್ಲಿ ಇಂತಿಷ್ಟು ಪಾಲನ್ನು ಕೊಟ್ಟೇ ಕೊಡುತ್ತೇವೆ ಎಂದು ಇವರು ಮಾಲೀಕನಿಗೆ ಖಾತರಿ ಬರೆದುಕೊಡುತ್ತಾರೆ, ಅದಕ್ಕಿಂತ ಹೆಚ್ಚು ಬಂದದ್ದರಲ್ಲಿ ಇವರಿಗೆ ಪಾಲು. ಕೆಲವು ಒಪ್ಪಂದಗಳಲ್ಲಿ ಖಾತರಿಯ ಬದಲು ಬರೀ ಕಮಿಷನ್ ಇರುತ್ತದೆ. ಯಾವುದೇ ಆದರೂ ಈ ಜನ ಗಾಬರಿಬಿದ್ದು ಮಾರುವವರಲ್ಲ. ನೂರಾರು ಅಂಗಡಿಗಳನ್ನು ಮುಚ್ಚಿಸಿ ಪಳಗಿದವರು. ಯಾವ ಮಾಲು ಯಾವ ವಾರ ಎಷ್ಟಕ್ಕೆ ಹೋಗುತ್ತದೆ ಎಂಬ ಲೆಕ್ಕ ಅವರ ಬಳಿ ನಿಮಗಿಂತ ಚೆನ್ನಾಗಿದೆ. ಮೊದಲ ವಾರ ಜನ ತಾವಾಗಿಯೇ ನುಗ್ಗುತ್ತಾರೆಂದು ಅವರಿಗೆ ಗೊತ್ತು. ತಾವಾಗಿ ನುಗ್ಗುವವರಿಗೆ ಬೆಲೆ ಇಳಿಸಿ ಕೊಡಬೇಕಾದ ಅಗತ್ಯವೇನು?

ಇಳಿಸಿದ್ದು ಯಾವ ಬೆಲೆಯಿಂದ ಎಂಬುದು ಎರಡನೆಯ ಪ್ರಶ್ನೆ. ಒಂದು ಡ್ರಿಲ್ ಯಂತ್ರದ ಪಟ್ಟಿಬೆಲೆ 100 ಡಾಲರ್ ಎಂದಿಟ್ಟುಕೊಳ್ಳಿ. ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ ಅದನ್ನು 80ಕ್ಕೆ ಮಾರುತ್ತಿದ್ದರು. ಅಂಚೆಯಲ್ಲಿ ಬಂದ ಕೂಪನ್ ತೋರಿಸಿದರೆ 72ಕ್ಕೆ ಸಿಗುತ್ತಿತ್ತು. ಮುಚ್ಚುವ ಮಾರಾಟ ಆರಂಭವಾದ ಮೇಲೆ ಲೆಕ್ಕ ಪುನಃ ಪಟ್ಟಿಬೆಲೆಯಿಂದ ಶುರುವಾಗಬಹುದು. ಶೇಕಡಾ 20 ಕಡಿತ ಎಂದರೆ 80. ಕೂಪನ್ ನಡೆಯುವುದಿಲ್ಲ, ಎದುರು ಅಂಗಡಿಯ ಬೆಲೆಗೆ ಸರಿಗಟ್ಟಿಸುವ ಮಾತೂ ನಿಂತುಹೋಗಿರುತ್ತದೆ. ಬ್ಯಾನರು ಸುಳ್ಳು ಹೇಳಿಲ್ಲ, ಆದರೂ ಹೋದ ತಿಂಗಳಿಗಿಂತ 8 ಡಾಲರ್ ಹೆಚ್ಚು ಕೊಟ್ಟು ನೀವು ಹೊರಬಂದಿರಿ. ಹಳೆಯ ಬೆಲೆ ಎಂದು ತೋರಿಸುವ ಅಂಕಿ ನಿಜವಾಗಿ ಸಾಕಷ್ಟು ಕಾಲ ಕೇಳಿದ ಬೆಲೆಯೇ ಆಗಿರಬೇಕು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿ ಹೇಳುತ್ತದೆ. ಅಲ್ಲಿನ ಹಲವು ರಾಜ್ಯ, ನಗರಗಳಲ್ಲಿ ಮುಚ್ಚುವ ಮಾರಾಟಕ್ಕೆ ಪರವಾನಗಿ ಬೇಕು, ಅವಧಿಯ ಮಿತಿಯೂ ಉಂಟು. ಆದರೆ ಇಷ್ಟು ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡುವವರು ಯಾರು? ನಮ್ಮಲ್ಲಂತೂ ಎಂಆರ್‌ಪಿ ಎಂಬುದೇ ಗರಿಷ್ಠ ಬೆಲೆ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಮಿತಿ ಮಾತ್ರ. ನಲ್ಲಿ, ಸಿಂಕುಗಳನ್ನು ಎಂಆರ್‌ಪಿಗೆ ಕೊಂಡವರು ನಮ್ಮ ಊರುಗಳಲ್ಲಿ ಅಪರೂಪ. ಮೇಸ್ತ್ರಿ ಕರೆದುಕೊಂಡು ಹೋದರೆ ಒಂದು ಬೆಲೆ, ನೀವೇ ಹೋದರೆ ಇನ್ನೊಂದು. ಅಲ್ಲಿ ಎಂಆರ್‌ಪಿ ಮೇಲೆ ಇಷ್ಟು ಕಡಿತ ಎಂದು ಬರೆದರೆ ನಮಗೆ ತಿಳಿದದ್ದೇನೂ ಇಲ್ಲ.

ಮಾಸ್ಟರ್ಸ್‌ಗೆ ಎದುರಾಳಿಯಾಗಿದ್ದ ಆಸ್ಟ್ರೇಲಿಯಾದ ಬನ್ನಿಂಗ್ಸ್ ಅಂಗಡಿಗಳು ಬೇರೆಯವರು ಅದೇ ಮಾಲನ್ನು ಕಡಿಮೆಗೆ ಕೊಟ್ಟರೆ ತಾವು ಅದಕ್ಕಿಂತಲೂ ಶೇಕಡಾ 10 ಕಡಿಮೆಗೆ ಕೊಡುತ್ತೇವೆ ಎಂದು ವರ್ಷಗಳಿಂದ ಸಾರಿಕೊಂಡು ಬಂದಿವೆ. ಆದರೆ ದಾಸ್ತಾನು ಖಾಲಿ ಮಾಡುವ ಮಾರಾಟದ ಬೆಲೆ ಈ ಮಾತಿಗೆ ಒಳಪಡುವುದಿಲ್ಲ ಎಂಬ ಷರತ್ತೂ ಜೊತೆಗಿದೆ. ಇದನ್ನು ತೋರಿಸಿ, ನೋಡಿ, ಬನ್ನಿಂಗ್ಸ್‌ನಂಥವರೇ ಹೆದರುವಷ್ಟು ಅಗ್ಗ ಅಲ್ಲಿರುತ್ತದೆ, ನಿಮ್ಮ ವಾದ ಬಿತ್ತು ಎನ್ನಬಹುದು. ಕೊನೆಯ ವಾರಗಳ ಬೆಲೆಗೆ ಹೆದರುವುದು ಸಹಜ, ಒಪ್ಪುತ್ತೇನೆ. ಆದರೆ ಆ ಷರತ್ತು ಇನ್ನೊಂದನ್ನೂ ಹೇಳುತ್ತದೆ. ಎರಡು ದೊಡ್ಡ ಅಂಗಡಿಗಳು ಎದುರುಬದುರು ನಿಂತು ಪೈಪೋಟಿ ನಡೆಸುವಾಗ ಕೊಳ್ಳುವವನಿಗೆ ದಿನವೂ ಸಿಗುತ್ತಿದ್ದ ಲಾಭ, ಒಂದು ಬಾಗಿಲು ಹಾಕಲು ಹೊರಟ ದಿನವೇ ಕಡಿದುಹೋಗುತ್ತದೆ. ಮಾಸ್ಟರ್ಸ್ ತೆರೆದಿದ್ದ ಐದು ವರ್ಷ ಆಸ್ಟ್ರೇಲಿಯಾದ ಗ್ರಾಹಕನ ಕೈಯಲ್ಲಿದ್ದ ಚೌಕಾಸಿಯ ಬಲ ಅದು ಮುಚ್ಚಿದ ಕೆಲವು ವಾರಗಳ ರಿಯಾಯಿತಿಗಿಂತ ದೊಡ್ಡದು ಎಂದು ನನ್ನ ಎಣಿಕೆ.

ಹಾಗಾದರೆ ಕಾಯಬೇಕೇ? ರಿಯಾಯಿತಿ ವಾರ ವಾರ ಏರುತ್ತದೆ ಎಂಬುದು ನಿಜ. ಕಟ್ಟಡ ಖಾಲಿ ಮಾಡಿಕೊಡುವ ದಿನ ಗೊತ್ತಾಗಿರುತ್ತದೆ, ಆ ದಿನಕ್ಕೆ ಕಪಾಟು ಬರಿದಾಗಬೇಕು. ಹಾಗಾಗಿ ಬೆಲೆಯನ್ನು ಇಳಿಸುವುದು ಮಾಲೀಕನ ಉದಾರತೆಯಲ್ಲ, ಕ್ಯಾಲೆಂಡರು. ಆದರೆ ಕಾದವನಿಗೆ ಒಳ್ಳೆಯ ಮಾಲು ಸಿಗುವುದಿಲ್ಲ, ನಿಮ್ಮ ಲೆಕ್ಕಾಚಾರ ಮುಗಿಯುವುದರೊಳಗೆ ಬೇಕಾದದ್ದು ಬೇರೆಯವರ ಗಾಡಿಯಲ್ಲಿರುತ್ತದೆ ಎಂಬ ಆಕ್ಷೇಪವೂ ಅಷ್ಟೇ ನಿಜ. ನಾನು ಇದಕ್ಕೆ ಕೊಡುವ ಉತ್ತರ ಎರಡು ಬಗೆಯ ಮಾಲನ್ನು ಬೇರೆ ಬೇರೆ ನೋಡಿ ಎಂಬುದು. ಸುತ್ತಿಗೆ, ಮೊಳೆ, ಬಲ್ಬು, ಹೆಸರಾಂತ ಕಂಪನಿಯ ಡ್ರಿಲ್ಲು ಇವೆಲ್ಲ ನಾಳೆಯೂ ಯಾವುದಾದರೂ ಅಂಗಡಿಯಲ್ಲಿ ಸಿಗುತ್ತವೆ. ಇವುಗಳಿಗೆ ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಹೋದರೆ ಹೋಗಲಿ. ಆರ್ಚರ್ಡ್ ಮುಚ್ಚಿದ ಸ್ವಲ್ಪ ಕಾಲದಲ್ಲೇ ಅದರ ಕೆಲವು ಹಳೆಯ ಕಟ್ಟಡಗಳಲ್ಲಿ ಔಟ್‌ಡೋರ್ ಸಪ್ಲೈ ಹಾರ್ಡ್‌ವೇರ್ ಎಂಬ ಹೊಸ ಅಂಗಡಿ ಬಂತು. ಇಂಗ್ಲಿಷಿನಲ್ಲಿ ಮೂರು ಮೊದಲಕ್ಷರಗಳೂ ಅವೇ, ಮಾಲೂ ಹೆಚ್ಚುಕಡಿಮೆ ಅದೇ ಬಗೆಯದು. ಇನ್ನೊಂದು ಬಗೆ, ನೀವು ಈಗಾಗಲೇ ಅಳತೆ ತೆಗೆದು, ಹೊರಗಿನ ಬೆಲೆ ವಿಚಾರಿಸಿ, ಬೇಕೇ ಬೇಕು ಎಂದು ಗೊತ್ತುಮಾಡಿಕೊಂಡ ಮಾಲು. ಅದು ಹೊರಗಿನ ಬೆಲೆಗಿಂತ ಸ್ಪಷ್ಟವಾಗಿ ಕಡಿಮೆಗೆ ಬಂದ ದಿನವೇ ಕೊಳ್ಳಬೇಕು. ಇನ್ನೂ ಶೇಕಡಾ 10 ಇಳಿಯಲಿ ಎಂದು ಕಾಯುವುದು ಜೂಜು.

ಕೊನೆಯವರೆಗೆ ಉಳಿಯುವುದು ಏನು ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ಹುರುಳು ತಿಳಿಯುತ್ತದೆ. ಅಮೆರಿಕದಲ್ಲಿ ಸ್ನಾನದ ಮನೆಯ ಶವರ್ ನಲ್ಲಿ ಎರಡು ಪೊಟ್ಟಣಗಳಲ್ಲಿ ಬರುವುದುಂಟು. ಗೋಡೆಯೊಳಗೆ ಹುದುಗುವ ಹಿತ್ತಾಳೆಯ ವಾಲ್ವ್ ಒಂದು, ಹೊರಗೆ ಕಾಣುವ ಹಿಡಿ ಮತ್ತು ಹೊಳೆಯುವ ಬಿಲ್ಲೆ ಇನ್ನೊಂದು. ನಮ್ಮ ಪ್ಲಂಬರುಗಳು ಕನ್ಸೀಲ್ಡ್ ಬಾಡಿ ಎಂದು ಕರೆಯುವುದೂ ಇಂಥದನ್ನೇ. ಒಳಗಿನದೂ ಮೇಲಿನದೂ ಬೇರೆ ಬೇರೆ ಬಿಲ್ಲು. ಒಂದು ಕಂಪನಿಯ ಹಿಡಿ ಇನ್ನೊಂದರ ವಾಲ್ವಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಮುಚ್ಚುವ ಅಂಗಡಿಯಲ್ಲಿ ವಾಲ್ವನ್ನು ಕೆಲಸ ಗೊತ್ತಿರುವ ಗುತ್ತಿಗೆದಾರರು ಮೊದಲೇ ಎತ್ತಿಕೊಂಡು ಹೋಗಿರುತ್ತಾರೆ. ಹೊಳೆಯುವ ಹಿಡಿ ಮಾತ್ರ ಶೇಕಡಾ 70 ಕಡಿತದ ಚೀಟಿ ಹೊತ್ತು ಕೂತಿರುತ್ತದೆ. ಅದನ್ನು ಕೊಂಡವರು ವಾಲ್ವನ್ನು ಬೇರೆ ಕಡೆ ಪೂರ್ತಿ ಬೆಲೆಗೆ ಹುಡುಕಬೇಕು. ಮಾದರಿ ಹಳೆಯದಾಗಿದ್ದರೆ ಸಿಗದೆಯೂ ಹೋದೀತು. ಕಮೋಡಿನದೂ ಇದೇ ಕಥೆ. ಗೋಡೆಯಿಂದ ಕೊಳವೆಯ ನಡುಬಿಂದುವಿಗೆ ಅಲ್ಲಿ ವಾಡಿಕೆಯ ದೂರ 12 ಇಂಚು. ಕೊನೆಯ ವಾರ ಉಳಿದಿರುವ ಪೆಟ್ಟಿಗೆಗಳನ್ನು ತಿರುಗಿಸಿ ನೋಡಿ, 10 ಅಥವಾ 14 ಇಂಚಿನವು ಸಿಗುವ ಸಂಭವವೇ ಹೆಚ್ಚು. ಹಳೆಯ ಮನೆಯಲ್ಲಿ 10 ಇಂಚೇ ಇರುವವನಿಗೆ ಅದು ನಿಧಿ, ಉಳಿದವರಿಗೆ ಸರಿಯಾಗಿ ಕೂರದ ಹೊರೆ. ಚೌಕಟ್ಟಿನ ಸಮೇತ ಬರುವ ಬಾಗಿಲಾದರೆ ಎಡಕ್ಕೆ ತೆರೆಯುವುದೋ ಬಲಕ್ಕೋ ನೋಡಬೇಕು. ಟೈಲ್ಸ್ ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚಾಗಿರುವ ಛಾಯೆಯ ಸಂಖ್ಯೆ ಮತ್ತು ಬ್ಯಾಚ್ ಸಂಖ್ಯೆಯನ್ನು ಓದಬೇಕು. ಒಂದೇ ಹೆಸರು, ಒಂದೇ ಚಿತ್ರ ಇದ್ದರೂ ಬ್ಯಾಚ್ ಬೇರೆಯಾದರೆ ನೆಲದ ಮೇಲೆ ಹಾಸಿದಾಗ ಬಣ್ಣದ ವ್ಯತ್ಯಾಸ ಬೆಳಕಿಗೆ ಎದ್ದು ಕಾಣುತ್ತದೆ. ಕತ್ತರಿಸುವಾಗ ಒಡೆಯುವುದಕ್ಕೆಂದು ನೂರಕ್ಕೆ ಹತ್ತರಷ್ಟು ಹೆಚ್ಚು ಕೊಳ್ಳುವುದು ವಾಡಿಕೆ. ಮುಚ್ಚುವ ಅಂಗಡಿಯಲ್ಲಿ ಆ ಹತ್ತೂ ಅಲ್ಲೇ, ಆ ದಿನವೇ ಸಿಕ್ಕಬೇಕು. ಇನ್ನೊಮ್ಮೆ ಹೋಗಿ ತರುತ್ತೇನೆ ಎನ್ನುವಂತಿಲ್ಲ.

ಇಷ್ಟು ಹೇಳಿದ ಮೇಲೆ ನಿಜವಾದ ಅಗ್ಗ ಎಲ್ಲಿ ಎಂಬ ಪ್ರಶ್ನೆಗೆ ಬರೋಣ. 2009ರ ಜನವರಿಯಲ್ಲಿ, ಅಮೆರಿಕದ ಮನೆ ಮಾರುಕಟ್ಟೆ ಕುಸಿದಿದ್ದ ಸಮಯದಲ್ಲಿ, ಹೋಮ್ ಡಿಪೋ ಕಂಪನಿ ತನ್ನ ಎಕ್ಸ್‌ಪೋ ಡಿಸೈನ್ ಸೆಂಟರುಗಳನ್ನು ಮುಚ್ಚುವ ತೀರ್ಮಾನ ಮಾಡಿತು. ಅವು 34 ಇದ್ದವು. ಇವು ಮೊಳೆ ಮಾರುವ ಅಂಗಡಿಗಳಲ್ಲ. ಪೂರ್ತಿ ಅಡುಗೆಮನೆಗಳನ್ನು, ಸ್ನಾನದ ಮನೆಗಳನ್ನು ಕಟ್ಟಿ ನಿಲ್ಲಿಸಿ ತೋರಿಸುವ ಶ್ರೀಮಂತ ಮಳಿಗೆಗಳು. ಇಂಥ ಕಡೆ ಪ್ರದರ್ಶನಕ್ಕೆ ಜೋಡಿಸಿಟ್ಟ ಕಪಾಟು, ಕಲ್ಲಿನ ಕಟ್ಟೆ, ದೊಡ್ಡ ತೊಟ್ಟಿ, ಒಲೆ, ಚಿಮಣಿ ಇವುಗಳನ್ನು ಮಾರುವವನ ಕಣ್ಣಿನಿಂದ ನೋಡಿ. ಬಿಚ್ಚಲು ಆಳು ಬೇಕು, ಸಾಗಿಸಲು ಲಾರಿ ಬೇಕು, ಇನ್ನೊಂದು ಊರಿನ ಮಳಿಗೆಗೆ ಒಯ್ದರೂ ಅಲ್ಲಿನ ಗೋಡೆಯ ಅಳತೆಗೆ ಹೊಂದುವುದಿಲ್ಲ. ಕಟ್ಟಡ ಬಿಟ್ಟುಕೊಡುವ ದಿನ ಇವು ಅಲ್ಲೇ ಉಳಿದರೆ ಅವನೇ ದುಡ್ಡು ಕೊಟ್ಟು ಎತ್ತಿಸಬೇಕು. ಡ್ರಿಲ್ ಯಂತ್ರ ಹಾಗಲ್ಲ. ಉಳಿದದ್ದನ್ನು ಪೆಟ್ಟಿಗೆಗೆ ತುಂಬಿ ಸಗಟು ವ್ಯಾಪಾರಿಗೆ ಕೊಟ್ಟರಾಯಿತು. ಚೌಕಾಸಿ ನಡೆಯುವುದು ಈ ಭಾರದ ಮಾಲಿನಲ್ಲಿ. ಅಲ್ಲಿ ಕೆಲಸಕ್ಕೆ ಬರುವುದು ಬಿಚ್ಚಲು ಬಡಗಿಯನ್ನು, ಹೊರಲು ಆಳುಗಳನ್ನು, ಸಾಗಿಸಲು ಗಾಡಿಯನ್ನು ಗೊತ್ತುಮಾಡಿಕೊಂಡು ಇಂಥ ದಿನ ಒಯ್ಯುತ್ತೇನೆ ಎಂದು ಹೇಳುವ ಶಕ್ತಿ. ಅಡುಗೆಮನೆಯ ಗೋಡೆಯ ಉದ್ದ, ಕಿಟಕಿಯ ಎತ್ತರ, ನೀರಿನ ಕೊಳವೆ ಇರುವ ಜಾಗ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದವನು ಐದು ಕಪಾಟುಗಳಲ್ಲಿ ನಾಲ್ಕು ಸಾಕು, ಐದನೆಯದು ಬೇಡ ಎಂದು ಅಲ್ಲೇ ಹೇಳಬಲ್ಲ. ಬರಿಗೈಯಲ್ಲಿ ಹೋದವನು ಐದನ್ನೂ ತಂದು ಗ್ಯಾರೇಜಿನಲ್ಲಿಡುತ್ತಾನೆ. ಪ್ರದರ್ಶನದ ಮಾಲಿಗೆ ಗೀರು, ಸಡಿಲ ಕೀಲು, ಕಳೆದುಹೋದ ತಿರುಪು ಇದ್ದೇ ಇರುತ್ತವೆ. ಬಾಗಿಲು, ಡ್ರಾಯರುಗಳನ್ನು ಒಂದೊಂದಾಗಿ ತೆಗೆದು ಹಾಕಿ ನೋಡದೆ ದುಡ್ಡು ಕೊಡಬಾರದು.

ಅಂಗಡಿಯ ಸ್ವಂತ ಸಾಮಾನು ಇನ್ನೊಂದು ಅಗ್ಗದ ಜಾಗ. ಕಬ್ಬಿಣದ ರ‍್ಯಾಕುಗಳು, ಚಕ್ರದ ಏಣಿಗಳು, ತಳ್ಳುಗಾಡಿಗಳು, ಕೆಲಸದ ಮೇಜುಗಳು. ಇವುಗಳಿಗೆ ಪಟ್ಟಿಬೆಲೆ ಎಂಬುದೇ ಇಲ್ಲವಾದ್ದರಿಂದ ಸುಳ್ಳು ರಿಯಾಯಿತಿಗೂ ಅವಕಾಶ ಕಡಿಮೆ. ಸಣ್ಣ ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು, ಅವರು ಮೊದಲ ವಾರವೇ ಬಂದು ಇಂಥದು ನನಗೆ ಎಂದು ಹೇಳಿ ಮುಂಗಡ ಕೊಟ್ಟು ಹೋಗಿರುತ್ತಾರೆ. ಮಾಲು ಖಾಲಿಯಾಗುವವರೆಗೆ ರ‍್ಯಾಕು ಬಿಟ್ಟುಕೊಡುವುದಿಲ್ಲ, ಅಷ್ಟೇ.

ಈಗ ಬೇಡವಾದರೂ ಅಗ್ಗವಾಗಿ ಸಿಕ್ಕಿದ್ದನ್ನು ತಂದಿಟ್ಟುಕೊಂಡರೆ ಮುಂದೆ ಬೇಕಾಗುತ್ತದೆ ಎನ್ನುವವರಿದ್ದಾರೆ. ಮನೆ ಕಟ್ಟುವ ಸಾಮಾನು ಹಾಗೆ ಕಾದು ಕೂರುವುದಿಲ್ಲ. ಸಿಲಿಕೋನ್ ಸೀಲೆಂಟಿನ ಕೊಳವೆಯ ಮೇಲೆ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ಅದು ದಾಟಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬಣ್ಣದ ಡಬ್ಬಿ ಗ್ಯಾರೇಜಿನ ಚಳಿಗೆ ಹೆಪ್ಪುಗಟ್ಟಿ ಕರಗಿದರೆ ಕೆಡಬಹುದು. ನಮ್ಮ ಸಿಮೆಂಟು ಚೀಲದ ಮೇಲೆ ತುಂಬಿದ ವಾರ, ವರ್ಷ ಹಾಕುವುದೂ ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷಿಸದೆ ಬಳಸಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ನಾಳೆಯ ಮಾತು. ನಮ್ಮ ಆಷಾಢದ ರಿಯಾಯಿತಿ ಮಾರಾಟಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಆಷಾಢದಲ್ಲಿ ಕಡಿಮೆಗೆ ಕೊಟ್ಟ ಅಂಗಡಿಯವನು ಶ್ರಾವಣದಲ್ಲೂ ಅದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಾನೆ. ಸೀರೆಯ ಬಣ್ಣ ಹೋದರೆ ಹೋಗಿ ಕೇಳಬಹುದು. ಮುಚ್ಚುವ ಅಂಗಡಿಗೆ ಶ್ರಾವಣವಿಲ್ಲ. ಮಾರಿದ ಮಾಲು ವಾಪಸಿಲ್ಲ ಎಂಬ ಷರತ್ತು ಮೊದಲ ದಿನದಿಂದಲೇ ಜಾರಿಯಲ್ಲಿರುವುದು ಸಾಮಾನ್ಯ. ತಯಾರಿಸಿದ ಕಂಪನಿಯ ವಾರಂಟಿ ಅಂಗಡಿಯ ಜೊತೆ ಸಾಯುವುದಿಲ್ಲ ನಿಜ. ಆದರೆ ಅದನ್ನು ಕೇಳಲು ಬಿಲ್ಲು ಬೇಕು, ಮಾದರಿಯ ಸಂಖ್ಯೆ ಬೇಕು, ಪ್ರದರ್ಶನದ ಮಾಲಾದರೆ ಇದ್ದ ಹಾಗೇ ಕೊಂಡಿದ್ದೇನೆ ಎಂದು ನೀವೇ ಸಹಿ ಹಾಕಿರಬಹುದು. ಇಲ್ಲಿ ಎರಡು ಬಗೆಯ ಮುಚ್ಚುವಿಕೆಯನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಆರ್ಚರ್ಡ್, ಎಕ್ಸ್‌ಪೋ, ಮಾಸ್ಟರ್ಸ್ ಮೂರರಲ್ಲೂ ಮುಚ್ಚಿದ್ದು ಅಂಗಡಿ, ಹಿಂದಿದ್ದ ದೊಡ್ಡ ಕಂಪನಿ ಬದುಕಿತ್ತು. ವಾಷಿಂಗ್ಟನ್ ಸುತ್ತಮುತ್ತ ಹೆಸರು ಮಾಡಿದ್ದ ಹೆಕಿಂಜರ್ 1999ರಲ್ಲಿ ದಿವಾಳಿಯಾಗಿ ಮುಳುಗಿದಾಗ, ಬ್ರಿಟನ್ನಿನ ಫೋಕಸ್ ಡಿಐವೈ 2011ರಲ್ಲಿ ಕುಸಿದಾಗ ಕಂಪನಿಯೇ ಹೋಯಿತು. ಮೊದಲ ಬಗೆಯಲ್ಲಿ ದೂರು ಹೇಳಲು ಒಂದು ಬಾಗಿಲಾದರೂ ಇದೆ. ಎರಡನೆಯದರಲ್ಲಿ ಗಿಫ್ಟ್ ಕಾರ್ಡ್ ಇಟ್ಟುಕೊಂಡವರೂ ಮುಂಗಡ ಕೊಟ್ಟವರೂ ಅಡವಿನ ಮೇಲೆ ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ನಿಲ್ಲಬೇಕು. ಕಂಪನಿ ದಿವಾಳಿಯ ಅಂಚಿನಲ್ಲಿದೆ ಎಂಬ ಸುದ್ದಿ ಬಂದ ದಿನವೇ ಗಿಫ್ಟ್ ಕಾರ್ಡ್ ಖರ್ಚು ಮಾಡಿಬಿಡಬೇಕು, ಅಳತೆ ಕೊಟ್ಟು ಮಾಡಿಸುವ ಮಾಲಿಗೆ ಅಲ್ಲಿ ಮುಂಗಡ ಕೊಡಲೇಬಾರದು. ಕೊಡಲೇಬೇಕಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಮಾಲು ಬಾರದಿದ್ದರೆ ಅಮೆರಿಕದಲ್ಲಿ ಕಾರ್ಡು ಕೊಟ್ಟ ಬ್ಯಾಂಕಿನ ಮುಂದೆ ತಕರಾರು ಎತ್ತಲು ಕಾನೂನಿನ ಆಧಾರವಿದೆ. ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಹಾಗೆಯೇ. ಕಾನೂನು ಗಟ್ಟಿಯಾಗಿದೆ. ಆದರೆ ಖಾಲಿ ಮಳಿಗೆಯ ಷಟರಿಗೆ ನೋಟೀಸು ಅಂಟಿಸಿ ಪಡೆಯುವುದಾದರೂ ಏನನ್ನು?

ಕೊನೆಗೆ ಒಂದು ಆಕ್ಷೇಪ, ನ್ಯಾಯದ್ದು. ಸಾವಿರಾರು ಜನ ಕೆಲಸ ಕಳೆದುಕೊಳ್ಳುವ ಜಾಗದಲ್ಲಿ ಅಗ್ಗ ಹುಡುಕುವುದು ಸರಿಯೇ ಎಂದು. ಎಕ್ಸ್‌ಪೋ ಮುಚ್ಚಿದಾಗಿನ ಹೋಮ್ ಡಿಪೋ ಪ್ರಕಟಣೆಯಲ್ಲಿ ಸುಮಾರು 7,000 ಕೆಲಸಗಳು ಹೋಗುವ ಮಾತಿತ್ತು. ನಾವು ಕೊಳ್ಳದೆ ಬಂದರೆ ಅವುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ, ಆದ್ದರಿಂದ ಕೊಳ್ಳುವುದರಲ್ಲಿ ತಪ್ಪು ನನಗೆ ಕಾಣುವುದಿಲ್ಲ. ದೊಡ್ಡ ಅಗ್ಗ ಹೊಡೆಯುವವರು ಗ್ರಾಹಕರೂ ಅಲ್ಲ. ಬ್ರಿಟನ್ನಿನ ಹೋಮ್‌ಬೇಸ್ ಸರಪಳಿಯನ್ನು ಬನ್ನಿಂಗ್ಸ್‌ನ ಒಡೆಯರಾದ ವೆಸ್‌ಫಾರ್ಮರ್ಸ್ 2016ರಲ್ಲಿ 34 ಕೋಟಿ ಪೌಂಡು ಕೊಟ್ಟು ಕೊಂಡಿದ್ದರು. ಎರಡು ವರ್ಷದ ಮೇಲೆ ಅದನ್ನು ಬರೀ 1 ಪೌಂಡಿಗೆ ಮಾರಿದರು. ಕೊಂಡದ್ದು ಹಿಲ್ಕೊ ಹೆಸರಿನದೇ ಸಂಸ್ಥೆ. ನೌಕರರ ವಿಷಯದಲ್ಲಿ ಗ್ರಾಹಕ ಮಾಡಬಹುದಾದದ್ದು ಸ್ವಲ್ಪವೇ. ಬೆಲೆ ಇಳಿಸುವ ಅಧಿಕಾರ ಅವರ ಕೈಯಲ್ಲಿ ಇರುವುದು ಕಡಿಮೆ, ಹೊರಗಿನಿಂದ ಬಂದ ಮೇಲ್ವಿಚಾರಕನದು ಆ ಕೆಲಸ. ಆದ್ದರಿಂದ ಬೆಲೆಗಾಗಿ ಅವರ ಮೇಲೆ ರೇಗಿ ಫಲವಿಲ್ಲ. ಆದರೆ ಯಾವ ಕಪಾಟಿನ ಕೀಲು ಯಾವ ಪೆಟ್ಟಿಗೆಯಲ್ಲಿದೆ, ಯಾವ ಕಮೋಡು ಯಾರೋ ತೆರೆದು ವಾಪಸು ತಂದದ್ದು, ಮುಂದಿನ ಬೆಲೆ ಇಳಿಕೆ ಯಾವ ದಿನ ಎಂಬುದು ಆ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ನೌಕರನಿಗೆ ಗೊತ್ತಿರುತ್ತದೆ. ಜನಜಂಗುಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಹೋಗಿ ಮರ್ಯಾದೆಯಿಂದ ಕೇಳಿದರೆ ಬಹುಮಟ್ಟಿಗೆ ಹೇಳುತ್ತಾನೆ.